ಪೂರ್ವಾಭಿಮುಖ ಮೈಕು

ಕಡೂರಿನ ಈರಭದ್ರಪ್ಪ ತನ್ನ ಮೈಕಿನ ಕಥೆಯನ್ನು ತಾನೇ ಹೇಳಿಕೊಂಡು ತಿರುಗುತ್ತಾನೆ. ಮೊದಮೊದಲು ಬೇರೆಯವರು ಹೇಳಿ ನಗುತ್ತಿದ್ದರು. ಅವರು ಉಪ್ಪು ಖಾರ ಹೆಚ್ಚು ಹಾಕುತ್ತಿದ್ದುದರಿಂದ, ನಗೆಪಾಟಲಾಗುವುದೇ ಆದರೆ ನಿಜವಾದ ಕಾರಣಕ್ಕೇ ಆಗಲಿ ಎಂದು ಅವನೇ ಆ ಕೆಲಸ ವಹಿಸಿಕೊಂಡ. "ನನ್ನಂಥ ದಡ್ಡ ಈ ತಾಲ್ಲೂಕಲ್ಲೇ ಸಿಗಲ್ಲ ಕಣ್ರೀ, ಬೇಕಾದ್ರೆ ತರೀಕೆರೆವರೆಗೂ ಹುಡುಕ್ಕೊಂಡ್ ಬನ್ನಿ" ಎಂಬುದು ಅವನ ಪೀಠಿಕೆ.

ಈರಭದ್ರಪ್ಪ ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಕಡೂರು, ತರೀಕೆರೆ, ಮತ್ತೆ ಕಡೂರು. ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಬಸ್ಸು ಕೂಗುವುದು ಅವನ ಕೆಲಸದಲ್ಲಿ ಒಂದು ಚೂರು; ಅವನ ಮಟ್ಟಿಗೆ ಅದೇ ಪೂರ್ತಿ ಕೆಲಸ. "ಪ್ರಯಾಣಿಕರ ಗಮನಕ್ಕೆ" ಎಂದು ಅವನು ಶುರುಮಾಡಿದರೆ ಕಡ್ಲೆಕಾಯಿ ಮಾರುವವರೂ ಒಂದು ಕ್ಷಣ ತಲೆ ಎತ್ತುತ್ತಿದ್ದರಂತೆ. ಈ "ಅಂತೆ" ಅವನದೇ. ಹೇಳುವುದು ತನ್ನ ಕೆಲಸ, ಕೇಳುವುದು ಊರಿನ ಕೆಲಸ ಎಂಬ ಹಂಚಿಕೆಯನ್ನು ಅವನು ಮನೆಗೂ ತಂದುಕೊಂಡಿದ್ದ. ಮನೆಯಲ್ಲಿ ಊರು ಎಂದರೆ ಹೆಂಡತಿ ಮಲ್ಲಿಕಾಂಬ ಒಬ್ಬಳೇ. ಇದ್ದ ಒಬ್ಬ ಮಗಳು ಕೋಮಲಾ ಮದುವೆಯಾಗಿ ಬೀರೂರಿನಲ್ಲಿದ್ದಳು.

ನಿವೃತ್ತಿಗೆ ಎರಡು ವರ್ಷ ಇರುವಾಗ ಬಸ್ ಸ್ಟ್ಯಾಂಡಿಗೆ ಕಂಪ್ಯೂಟರಿನ ಹೆಣ್ಣು ದನಿ ಬಂತು. ಆ ದನಿ ಕೆಮ್ಮುತ್ತಿರಲಿಲ್ಲ, ಕಾಫಿಗೆ ಎದ್ದು ಹೋಗುತ್ತಿರಲಿಲ್ಲ, ಸಿಂಗಟಗೆರೆ ಬಸ್ಸನ್ನೂ ಬೆಂಗಳೂರು ಬಸ್ಸನ್ನೂ ಒಂದೇ ಗೌರವದಿಂದ ಕರೆಯುತ್ತಿತ್ತು. ಆ ಎರಡು ವರ್ಷ ಈರಭದ್ರಪ್ಪ ಬರೀ ಟ್ರಿಪ್ ಶೀಟಿಗೆ ಸಹಿ ಹಾಕಿದ. ನಿವೃತ್ತನಾಗಿ ಮನೆಗೆ ಬಂದ ಮೇಲೆ ಮಾತೇ ಕಡಿಮೆ ಮಾಡಿದ. ಬೆಳಿಗ್ಗೆ ಪೇಪರು, ಸಂಜೆ ಜಗುಲಿ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು: ತನ್ನ ದನಿಯನ್ನು ನಂಬಿ ಯಾರಾದರೂ ಒಬ್ಬರು ಎಲ್ಲಿಗಾದರೂ ಹೋಗಿ ಮುಟ್ಟಬೇಕು. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಅವನಿಗೆ ನಾಚಿಕೆ, ಆದ್ದರಿಂದ ಗ್ಯಾಸ್ಟ್ರಿಕ್ ಎಂದು ಹೇಳಿಕೊಳ್ಳುತ್ತಿದ್ದ.

ಹೀಗಿರುವಾಗ ಅಜ್ಜಂಪುರದ ಮಂಜಪ್ಪ ಫೋನು ಮಾಡಿದ. ಮಂಜಪ್ಪ ಅದೇ ಇಲಾಖೆಯಲ್ಲಿ ಕಂಡಕ್ಟರ್ ಆಗಿದ್ದವನು, ಹಳೆಯ ಸ್ನೇಹಿತ. ಅವನ ಮಗಳು ಅನುಪಮಾಗೆ ಹುಟ್ಟಿನಿಂದ ಕಣ್ಣು ಕಾಣದು. ಬಿ.ಎ. ಮಾಡಿದ್ದಾಳೆ, ಸರ್ಕಾರಿ ಗುಮಾಸ್ತೆ ಹುದ್ದೆಯ ಪರೀಕ್ಷೆಗೆ ಕಟ್ಟಿದ್ದಾಳೆ. ಹೋದ ಸಲ ನಾಲ್ಕು ಅಂಕದಲ್ಲಿ ಕೈತಪ್ಪಿತ್ತು. ಈ ಸಲ ಅವಳಿಗೆ ಬೇಕಾದ ಗೈಡು ಸಿಕ್ಕಿತ್ತು, ಆದರೆ ಅದರ ಮುದ್ರಣ ಎಷ್ಟು ಮಸಿಮಸಿಯಾಗಿತ್ತೆಂದರೆ ಪುಟ ನೋಡಿ ಓದಿ ಹೇಳುವ ಅವಳ ಮೊಬೈಲು ಒಂದು ಸಾಲು ಬಿಟ್ಟು ಒಂದು ಸಾಲು ನುಂಗುತ್ತಿತ್ತು.

"ಇಪ್ಪತ್ತು ಪಾಠ ಅವೆ ಈರಭದ್ರಣ್ಣ. ಹತ್ತು ವಾರ ಟೈಮಿದೆ. ನಿನ್ ದನೀಲಿ ಓದಿ ರೆಕಾರ್ಡ್ ಮಾಡ್ಕೊಟ್ರೆ ಮಗು ಬದುಕು ಒಂದ್ ದಡ ಸೇರತ್ತೆ" ಎಂದ ಮಂಜಪ್ಪ.

ಈರಭದ್ರಪ್ಪನ ಗ್ಯಾಸ್ಟ್ರಿಕ್ ಆ ನಿಮಿಷದಲ್ಲಿ ವಾಸಿಯಾಯಿತು.

ಫೋನಿನಲ್ಲೇ ರೆಕಾರ್ಡ್ ಮಾಡಬಹುದಿತ್ತು. ಆದರೆ ಇಪ್ಪತ್ತೊಂಬತ್ತು ವರ್ಷ ಮೈಕು ಹಿಡಿದವನು ಫೋನಿಗೆ ಓದುವುದೇ? ಅವನು ಬೀರೂರಿಗೆ ಹೋಗಿ, ಮೊಬೈಲ್ ಅಂಗಡಿಯ ಶಶಿಯಿಂದ ಕೋಮಲಾಳ ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಒಂದು ರೆಕಾರ್ಡಿಂಗ್ ಮೈಕು ತರಿಸಿದ. ದಪ್ಪ ಟಾರ್ಚಿನಷ್ಟಿತ್ತು, ಮೇಲೆ ಜಾಲರಿ, ನಡುವಿನಲ್ಲಿ ಕೆತ್ತಿದ ಒಂದು ಹೃದಯದ ಗುರುತು, ಕೆಳಗೆ ದನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ. ಶಶಿ, "ಅಂಕಲ್, ಇದನ್ನ ಊದಬೇಡಿ, ತಟ್ಟಬೇಡಿ. ಬಾಯಿಗೂ ಮೈಕಿಗೂ ಒಂದು ಗೇಣು ಇರ್ಲಿ. ಆಮೇಲೆ ಈ ಗುರುತಿದೆಯಲ್ಲ..." ಎಂದು ಶುರುಮಾಡಿದ.

"ಲೇ ಶಶಿ, ನೀನು ಹುಟ್ಟೋ ಮುಂಚಿಂದ ಮೈಕ್ ಹಿಡ್ದವ್ನು ನಾನು. ಹಸುವಿಗೆ ಹುಲ್ಲು ಮೇಯೋದ್ ಹೇಳ್ಕೊಡ್ತೀಯಾ?" ಎಂದು ಈರಭದ್ರಪ್ಪ ಡಬ್ಬ ಎತ್ತಿಕೊಂಡು ಬಸ್ಸು ಹತ್ತಿದ.

ಮನೆಯಲ್ಲಿ ಹಿಂದೆ ಕೊಬ್ಬರಿ ತುಂಬಿಡುತ್ತಿದ್ದ ಕೋಣೆಯೊಂದಿತ್ತು. ಅದನ್ನು ಸ್ಟುಡಿಯೋ ಮಾಡಿದ. ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು ಗೋಣಿಚೀಲ ಬಿಚ್ಚಿ ಮೊಳೆ ಹೊಡೆದ, ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟ. "ಪ" "ಬ" ಅನ್ನುವಾಗ ಬಾಯಿಂದ ಹೊರಡುವ ಗಾಳಿ ಮೈಕಿಗೆ ಹೊಡೆಯದಿರಲೆಂದು ಹಿಟ್ಟಿನ ಜರಡಿಯ ತಂತಿ ಕಿತ್ತು, ಆ ಚೌಕಟ್ಟಿಗೆ ಹಳೇ ಪಂಚೆಯ ತುಂಡು ಬಿಗಿದ. ತೇವ ಹಿಡಿಯಬಾರದೆಂದು ರಾತ್ರಿ ಮೈಕನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದ. ಬೆಳಿಗ್ಗೆ ಅದರ ಜಾಲರಿಯಿಂದ ತೌಡನ್ನು ಬಣ್ಣದ ಬ್ರಷ್ಷಿನಿಂದ ಒರೆಸುವುದು ಒಂದು ಪ್ರತ್ಯೇಕ ಕೆಲಸ. "ಇನ್ಮೇಲೆ ಅಕ್ಕಿ ಆರಿಸೋವಾಗ ಕಲ್ಲಿನ ಜೊತೆ ಮೈಕೂ ಹುಡುಕಬೇಕಾ?" ಎಂದಳು ಮಲ್ಲಿಕಾಂಬ. ಅವನು ಕೇಳಿಸಿಕೊಳ್ಳಲಿಲ್ಲ.

ಇಷ್ಟೆಲ್ಲ ಸರಿಯಾಗಿಯೇ ಇತ್ತು. ತಪ್ಪಾದದ್ದು ಮೈಕನ್ನು ನಿಲ್ಲಿಸುವಾಗ.

ಕೋಣೆಯ ಪೂರ್ವದ ಗೋಡೆಯ ಮೇಲೆ ವೀರಭದ್ರಸ್ವಾಮಿಯ ಪಟ. ಅದರ ಪಕ್ಕದಲ್ಲಿ ಒಂದು ಕಿಂಡಿ, ಆಚೆ ಕಡೆ ಅಡುಗೆಮನೆ. ಶುಕ್ರವಾರ ಸ್ನಾನ ಮಾಡಿ, ಮೈಕಿನ ಕಾಲಿಗೆ ವಿಭೂತಿ ಬಳಿದು, ಊದುಬತ್ತಿ ಹಚ್ಚಿ, ಈರಭದ್ರಪ್ಪ ಯೋಚಿಸಿದ. ಹೃದಯದ ಗುರುತಿರುವ ಕಡೆ ಮೈಕಿನ ಮುಖ. ಅದು ಯಾರಿಗಾದರೂ ಗೊತ್ತಾಗುವಂಥದ್ದು. ಆ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡರೆ ಮೈಕು ದೇವರಿಗೆ ಬೆನ್ನು ಹಾಕಿದಂತಾಗುತ್ತದೆ. ಹೊಸ ಸಾಮಾನು, ಮೊದಲ ದಿನವೇ ದೇವರಿಗೆ ಬೆನ್ನು ಹಾಕುವುದೆಂದರೇನು? ಆದ್ದರಿಂದ ಮೈಕಿನ ಮುಖ ಪೂರ್ವಕ್ಕೆ, ದೇವರ ಕಡೆಗೆ. ಓದುವವನ ಮುಖವೂ ಪೂರ್ವಕ್ಕೆ. ಅಂದರೆ ಅವನು ಮೈಕಿನ ಬೆನ್ನ ಹಿಂದೆ ಕೂತ. ಹಳೆಯ ಬಸ್ ಸ್ಟ್ಯಾಂಡಿನ ಮೈಕು ಸೌಟಿನ ಹಾಗೆ ಇತ್ತು, ತುದಿಯಲ್ಲಿ ಮಾತಾಡಿದರೆ ಆಯಿತು. ಇದು ಎದುರಿನಿಂದ ಬಂದದ್ದನ್ನು ಮಾತ್ರ ಕೇಳಿಸಿಕೊಂಡು ಬೆನ್ನ ಹಿಂದಿನದನ್ನು ಆದಷ್ಟು ತಳ್ಳಿಬಿಡುವ ಜಾತಿಯದು. ಅದನ್ನು ಹೇಳಹೊರಟ ಶಶಿಯ ಮಾತು ಬೀರೂರಿನಲ್ಲೇ ಉಳಿದಿತ್ತು.

ಮೊದಲ ದಿನ ಲ್ಯಾಪ್‌ಟಾಪಿನ ಪರದೆಯಲ್ಲಿ ದನಿಯ ಅಲೆ ಸಣ್ಣಗೆ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಈರಭದ್ರಪ್ಪ ಮೈಕು ಸ್ವಲ್ಪ ಮಂದ ಎಂದುಕೊಂಡು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಈಗ ಅಲೆ ಚೆನ್ನಾಗಿ ಕುಣಿಯಿತು. ಇನ್ನೂ ವಿಶೇಷವೆಂದರೆ ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಲೆ ಮತ್ತೂ ಜೋರಾಗಿ ಕುಣಿಯುತ್ತಿತ್ತು. ತಾನು ನಿಲ್ಲಿಸಿದ ಮೇಲೂ ತನ್ನ ದನಿ ಕೋಣೆಯಲ್ಲಿ ಮೊಳಗುತ್ತಲೇ ಇದೆ ಎಂದು ಈರಭದ್ರಪ್ಪ ತಿಳಿದ. ಇದನ್ನು ಹೇಳುವಾಗ ಇವತ್ತಿಗೂ ಅವನು ಹಣೆ ಚಚ್ಚಿಕೊಳ್ಳುತ್ತಾನೆ.

ರೆಕಾರ್ಡ್ ಮಾಡಿದ್ದನ್ನು ಒಮ್ಮೆ ಕೇಳಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ತನ್ನ ದನಿ ಹೇಗಿದೆ ಎಂದು ಅವನಿಗೆ ಗೊತ್ತೇ ಇತ್ತಲ್ಲ! ಓದಿದ, ವಾಟ್ಸಾಪಿನಲ್ಲಿ ಕಳಿಸಿದ, ಕಾಫಿ ಕುಡಿದ. ಐದು ವಾರದಲ್ಲಿ ಹನ್ನೊಂದು ಪಾಠ. ಅನುಪಮಾ ಪ್ರತಿ ಸಲ, "ದೊಡ್ಡಪ್ಪ, ಪಾಠ ಚೆನ್ನಾಗಿ ಮನಸ್ಸಲ್ಲಿ ಕೂರ್ತಿದೆ. ದೊಡ್ಡಮ್ಮನಿಗೂ ಥ್ಯಾಂಕ್ಸ್ ಹೇಳಿ" ಎಂದು ದನಿಯಲ್ಲೇ ಉತ್ತರ ಕಳಿಸುತ್ತಿದ್ದಳು. ಎಷ್ಟು ಸಂಸ್ಕಾರವಂತ ಹುಡುಗಿ, ಓದಿದವನ ಹೆಂಡತಿಗೂ ಥ್ಯಾಂಕ್ಸ್ ಹೇಳುತ್ತಾಳಲ್ಲ ಎಂದು ಅವನು ಮೆಚ್ಚಿಕೊಂಡ.

ಹೊಗಳಿಕೆಯನ್ನು ಫೋನಿನಲ್ಲಿ ಕೇಳಿ ತೃಪ್ತಿಯಾಗದೆ ಒಂದು ಭಾನುವಾರ ಈರಭದ್ರಪ್ಪ ಎದುರಿಗೇ ಕೇಳಿಸಿಕೊಂಡು ಬರೋಣವೆಂದು ಹೊರಟ. ಮೈಕನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡ. ಅನುಪಮಾ ಒಮ್ಮೆ ಮುಟ್ಟಿ ನೋಡಲಿ ಎಂಬ ಆಸೆ. ರೈಲಿಳಿದು ಮಂಜಪ್ಪನ ಮನೆಗೆ ಹೋದರೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ, ಕಾಫಿ, ಎಲ್ಲ ಆಯಿತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು ಕೇಳಿದ.

"ಹೇಳವ್ವ, ದನಿ ಹೆಂಗಿದೆ? ಮುಚ್ಚುಮರೆ ಬೇಡ."

ಅನುಪಮಾ ಅವನ ಕಡೆ ತಿರುಗಿದಳು. "ದೊಡ್ಡಪ್ಪ, ತಪ್ಪು ತಿಳ್ಕೋಬೇಡಿ. ನೀವು ಮೈಕನ್ನ ಅಡುಗೆಮನೇಲಿ ಇಟ್ಟಿದ್ದೀರಾ?"

"ಅಡುಗೆಮನೇಲಾ? ಅದಕ್ಕೇ ಅಂತ ಕೋಣೆ ಮಾಡಿದೀನಿ ಕಣವ್ವ, ಗೋಣಿಚೀಲ ಹೊಡ್ದು!"

ಅವನು ಮೈಕು ತೆಗೆದು ಅವಳ ಕೈಗಿಟ್ಟ. ಅವಳು ಅದನ್ನು ಮೇಲಿಂದ ಕೆಳಗೆ ಸವರಿದಳು. ಬೆರಳು ಹೃದಯದ ಗುರುತಿನ ಮೇಲೆ ನಿಂತಿತು. "ಈ ಗುರುತು ಯಾವ ಕಡೆ ಇರತ್ತೆ ದೊಡ್ಡಪ್ಪ?"

"ದೇವರ ಕಡೆ."

"ನೀವು?"

"ನಾನು ಈ ಕಡೆ. ಹಿಂದೆ."

ಮಂಜಪ್ಪ ಕಾಫಿ ಲೋಟ ಕೆಳಗಿಟ್ಟ. ಅನುಪಮಾಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. "ನಮ್ಮ ಕಾಲೇಜ್ ಸ್ಟುಡಿಯೋದಲ್ಲೂ ಇಂಥದ್ದೇ ಇತ್ತು. ಈ ಗುರುತಿರೋ ಕಡೇನೇ ಕಿವಿ. ನೀವು ಅದರ ಬೆನ್ನಿಗೆ ಓದಿದೀರ" ಎಂದಳು. ಕಣ್ಣಿದ್ದವನು ಐದು ವಾರ ಎದುರಿಗಿಟ್ಟುಕೊಂಡು ಕಾಣದ್ದನ್ನು ಆ ಹುಡುಗಿ ಒಂದು ಬೆರಳಲ್ಲಿ ಕಂಡಿದ್ದಳು.

ಅವಳು ಇಯರ್‌ಫೋನನ್ನು ಅವನ ಕಿವಿಗೆ ಕೊಟ್ಟು ನಾಲ್ಕನೇ ಪಾಠ ಹಾಕಿದಳು. ಎಲ್ಲೋ ಬಹಳ ದೂರದಲ್ಲಿ, ಕೆರೆಯ ಆಚೆ ದಡದಲ್ಲಿ ನಿಂತು ಕೂಗಿದಂತೆ, ಒಬ್ಬ ಗಂಡಸು ಓದುತ್ತಿದ್ದ: "ರಾಜ್ಯಸಭೆಯು ಎಂದಿಗೂ ಪೂರ್ತಿಯಾಗಿ ವಿಸರ್ಜನೆಯಾಗುವುದಿಲ್ಲ. ಎರಡು ವರ್ಷಗಳಿಗೊಮ್ಮೆ ಮೂರನೇ ಒಂದು ಭಾಗ ಸದಸ್ಯರು ನಿವೃತ್ತರಾಗುತ್ತಾರೆ." ಅವನು ಉಸಿರಿಗೆ ನಿಂತ. ಆಗ ಕಿವಿಯ ಪಕ್ಕದಲ್ಲೇ, ಸ್ಪಷ್ಟವಾಗಿ, ತೆಂಗಿನಕಾಯಿ ತುರಿಯುವ ಸದ್ದಿನ ಜೊತೆಗೆ ಮಲ್ಲಿಕಾಂಬ ಮಾತಾಡಿದಳು.

"ಓ, ನಮ್ಮ ಉಪ್ಪಿನಕಾಯಿ ಜಾಡಿ ಇದ್ದಂಗೆ. ಪೂರ್ತಿ ಖಾಲಿ ಮಾಡಂಗಿಲ್ಲ, ಒಂದಿಷ್ಟು ಹಳೇದು ತೆಗಿ, ಒಂದಿಷ್ಟು ಹೊಸದು ಹಾಕು."

ದೂರದ ಗಂಡಸು ಮುಂದುವರಿಸಿದ: "ಧನ ಮಸೂದೆಯನ್ನು ರಾಜ್ಯಸಭೆ ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಬೇಕು. ಅದರ ಸಲಹೆಯನ್ನು ಲೋಕಸಭೆ ಒಪ್ಪಬಹುದು ಅಥವಾ ಬಿಡಬಹುದು."

"ಅಂದ್ರೆ ಕೇಳೋದ್ ಕೇಳ್ತಾರೆ, ಮಾಡೋದು ಅವರಿಗೆ ತೋಚಿದ್ದೇ" ಎಂದಳು ಮಲ್ಲಿಕಾಂಬ. "ಈ ಮನೇಲಿ ನಾನೇ ರಾಜ್ಯಸಭೆ."

ಈರಭದ್ರಪ್ಪ ಇಯರ್‌ಫೋನು ಕಿತ್ತು ಕೊಟ್ಟ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿದ್ದಿತ್ತು. "ಎಲ್ಲಾ ಮತ್ತೆ ಓದ್ತೀನವ್ವ. ಹನ್ನೊಂದನ್ನೂ" ಎಂದು ಎದ್ದ. ಅನುಪಮಾ, "ಬೇಡ ದೊಡ್ಡಪ್ಪ, ಅವು ಹಂಗೇ ಇರ್ಲಿ, ಯಾಕಂದ್ರೆ..." ಎಂದು ಏನೋ ಹೇಳಲು ಬಂದಳು. ಅವನು ಆಗಲೇ ಚಪ್ಪಲಿ ಮೆಟ್ಟಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ವಾಪಸು ಬರುವಾಗ ರೈಲಿನ ಕಿಟಕಿ ಪಕ್ಕದಲ್ಲಿ ಕೂತು, ತಾನು ಕಳಿಸಿದ್ದ ಪಾಠಗಳನ್ನು ಒಂದೊಂದಾಗಿ, ಅಲ್ಲಲ್ಲಿ ಓಡಿಸುತ್ತ ಕೇಳಿದ. ಮೊದಲಿಗೆ ಸಿಟ್ಟು ಬಂತು. ತನ್ನ ಓದಿನ ನಡುನಡುವೆ ಒಗ್ಗರಣೆ, ನಲ್ಲಿ ನೀರು, ಪಕ್ಕದ ಮನೆಯ ಅಂಜಿನಮ್ಮನ ಜೊತೆ ಹರಟೆ. ವಿಷ್ಣುವರ್ಧನ ತಲಕಾಡು ಗೆದ್ದಾಗ ಮಲ್ಲಿಕಾಂಬ, "ಅಷ್ಟು ಜನಕ್ಕೆ ಅಡುಗೆ ಯಾರ್ ಮಾಡಿದ್ರು ಅಂತ ಬರ್ದಿಲ್ವಲ್ಲ" ಎಂದಿದ್ದಳು. ಏಳನೇ ಪಾಠದಲ್ಲಿ ಅವನ ವಿಷಯವೇ ಬಂತು: "ಲಕ್ಷ ಜನಕ್ಕೆ ಬಸ್ ಹೇಳಿದ ಮನುಷ್ಯ ಕಣೇ ಅಂಜಿನಮ್ಮ. ನಾನು ತವರಿಗೆ ಹೋಗೋ ಬಸ್ ಎಷ್ಟೊತ್ತಿಗೆ ಅಂದ್ರೆ ಅಲ್ಲೇ ಹೋಗಿ ಬೋರ್ಡ್ ನೋಡ್ಕೋ ಅಂತಿದ್ರು." ಅಂಜಿನಮ್ಮ ನಕ್ಕಳು. ಪಕ್ಕದ ಸೀಟಿನವನು ತನ್ನ ಕಡೆ ನೋಡಿದ್ದರಿಂದ ಈರಭದ್ರಪ್ಪನೂ ನಕ್ಕಂತೆ ಮಾಡಿದ.

ಒಂಬತ್ತನೇ ಪಾಠದಲ್ಲಿ ರುಬ್ಬುವ ಕಲ್ಲಿನ ಸದ್ದು. ಅಂಜಿನಮ್ಮ ಕೇಳುತ್ತಿದ್ದಳು, ಮಿಕ್ಸಿ ಇಟ್ಟುಕೊಂಡು ಇದೇನು ಕಷ್ಟ ಅಂತ. ಮಲ್ಲಿಕಾಂಬ ದನಿ ತಗ್ಗಿಸಿ ಹೇಳಿದಳು: "ಪಾಠ ಓದೋ ಹೊತ್ನಲ್ಲಿ ಮಿಕ್ಸಿ ಹಾಕಲ್ಲ ಕಣೇ. ರಿಟೈರ್ ಆದ್ಮೇಲೆ ಮಂಕು ಬಡ್ದಂಗೆ ಕೂತ್ಬಿಟ್ಟಿದ್ರು, ನಂಗೆ ಭಯ ಆಗ್ಬಿಟ್ಟಿತ್ತು. ಈಗ ನೋಡು, ಎಷ್ಟು ಹುಮ್ಮಸ್ಸು. ತೋಳು ನೋಯತ್ತೆ, ನೋಯ್ಲಿ ಬಿಡು."

ಐದು ವಾರದಿಂದ ಚಟ್ನಿ ಯಾಕೆ ತರಿತರಿ ಎಂದು ಅವನು ದಿನಾ ಗೊಣಗಿದ್ದ. ಈರಭದ್ರಪ್ಪನಿಗೆ ಅಳು ಬಂತು. ಬೀರೂರು ಸ್ಟೇಷನ್ ಬರುವವರೆಗೂ ಕಿಟಕಿಯಾಚೆ ಮುಖ ಮಾಡಿ ಕೂತ. ಇಷ್ಟಾದರೂ ಮನೆಗೆ ಹೋಗಿ ಹೆಂಡತಿಗೆ ಒಂದು ಮಾತು ಹೇಳಿದನೇ? ಇಲ್ಲ. ಮೈಕು ಸರಿಮಾಡಲು ಕೂತ. ಅವನ ಬುದ್ಧಿಯೇ ಹಾಗೆ.

ದೇವರಿಗೆ ಕೆನ್ನೆ ಬಡಿದುಕೊಂಡು ಹೃದಯದ ಗುರುತನ್ನು ತನ್ನ ಕಡೆ ತಿರುಗಿಸಿದ, ಕಿಂಡಿಗೆ ಕಂಬಳಿ ತುರುಕಿದ, ಗುಂಡಿಯನ್ನು ಅರ್ಧಕ್ಕೆ ಇಳಿಸಿದ. ಹನ್ನೊಂದನ್ನು ಆಮೇಲೆ ನೋಡಿಕೊಳ್ಳುವುದು, ಮೊದಲು ಮುಂದಿನದಾಗಲಿ ಎಂದು ಹನ್ನೆರಡನೇ ಪಾಠ ಓದಿ ಮೊದಲ ಬಾರಿಗೆ ತಾನೇ ಕೇಳಿದ. ಮೈಕು ಈಗ ಸುಳ್ಳು ಹೇಳುತ್ತಿರಲಿಲ್ಲ. ಕಟ್ಟಿಸಿದ ಹಲ್ಲು ಕಟಕಟ ಎನ್ನುತ್ತಿತ್ತು, ಪ್ರತಿ ವಾಕ್ಯದ ಕೊನೆ ಬಸ್ಸು ಹೊರಟುಹೋಗುತ್ತದೆ ಎಂಬಂತೆ ಏರುತ್ತಿತ್ತು, ಸಂವಿಧಾನದ ತಿದ್ದುಪಡಿಗಳೆಲ್ಲ ಪ್ಲಾಟ್‌ಫಾರಂ ನಂಬರುಗಳಂತೆ ಕೇಳುತ್ತಿದ್ದವು. ಇಷ್ಟು ವರ್ಷ ಕಡೂರಿನ ಜನ ಇದನ್ನು ತಡೆದುಕೊಂಡರಲ್ಲ, ಅವರೇ ಪುಣ್ಯವಂತರು ಎಂದುಕೊಂಡ. ಆದರೂ ಕಳಿಸಿದ.

ಎರಡು ದಿನ ಬಿಟ್ಟು ಅನುಪಮಾ ಫೋನು ಮಾಡಿದಳು. ಈ ಸಲ ಅವನು ಬಾಯಿ ಮುಚ್ಚಿಕೊಂಡು ಕೇಳಿದ.

"ದೊಡ್ಡಪ್ಪ, ಒಂದೊಂದು ಅಕ್ಷರಾನೂ ಸ್ಪಷ್ಟವಾಗಿದೆ. ಆದ್ರೆ ತಲೇಲಿ ನಿಲ್ತಿಲ್ಲ. ಅವತ್ತು ಹೇಳಕ್ಕೆ ಬಂದೆ, ನೀವು ಹೊರಟ್ಬಿಟ್ರಿ. ನಂಗೆ ಪಾಠ ನೆನಪಿರ್ತಿದ್ದಿದ್ದೇ ದೊಡ್ಡಮ್ಮನ ಮಾತಿಂದ. ರಾಜ್ಯಸಭೆ ಅಂದ್ರೆ ಉಪ್ಪಿನಕಾಯಿ ಜಾಡಿ. ಆ ಹನ್ನೊಂದು ಪಾಠದಲ್ಲಿ ಯಾವ ಪ್ರಶ್ನೆ ಬೇಕಾದ್ರೂ ಕೇಳಿ, ಹೇಳ್ತೀನಿ. ಇದನ್ನ ನಾಲ್ಕು ಸಲ ಕೇಳ್ದೆ, ಏನೂ ಉಳೀಲಿಲ್ಲ. ಇನ್ನು ನಾಲ್ಕೂವರೆ ವಾರ ಅಷ್ಟೇ ಇರೋದು. ನಂಗೆ ಭಯ ಆಗ್ತಿದೆ."

ಅವನ ದನಿಯನ್ನು ನಂಬಿ ಒಬ್ಬಳು ಹೊರಟಿದ್ದಳು, ಅವಳನ್ನು ನಿಜಕ್ಕೂ ದಾರಿಯಲ್ಲಿ ಕರೆದೊಯ್ಯುತ್ತಿದ್ದುದು ಬೇರೆ ದನಿ. ನೋವಾಯಿತು, ಆಗಲಿಲ್ಲ ಎಂದರೆ ಸುಳ್ಳು. ಆದರೆ ಹುಡುಗಿಯ ದನಿಯಲ್ಲಿದ್ದ ಭಯ ಅದಕ್ಕಿಂತ ದೊಡ್ಡದಾಗಿತ್ತು. ಈರಭದ್ರಪ್ಪ ಅಡುಗೆಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡ.

ಮಲ್ಲಿಕಾಂಬ ಸೌಟು ಹಿಡಿದವಳು ಹಾಗೇ ನಿಂತಳು. "ಅಯ್ಯೋ ಶಿವನೇ! ನಾನಾಡಿದ್ದೆಲ್ಲಾ ಅಜ್ಜಂಪುರಕ್ಕೆ ಹೋಗಿದ್ಯಾ? ಅಂಜಿನಮ್ಮನ ಸೊಸೆ ವಿಷ್ಯಾನೂ?"

"ಅದೂ ಹೋಗಿದೆ."

"ನಿಮ್ಮನ್ನ ಬೈದಿದ್ದು?"

"ಅದು ಎಲ್ಲಾದಕ್ಕಿಂತ ಚೆನ್ನಾಗಿ ಬಂದಿದೆ ಕಣೇ."

ಅವಳನ್ನು ಒಪ್ಪಿಸಲು ಒಂದು ಇಡೀ ದಿನ ಹಿಡಿಯಿತು. ಹುಡುಗಿಯ ಪರೀಕ್ಷೆ ಎಂದ ಮೇಲೆ ಒಪ್ಪಿದಳು. ಸೀರೆ ಬದಲಾಯಿಸಿ, ತಲೆ ಬಾಚಿ, ಫೋಟೋಗೆ ಕೂತವಳಂತೆ ಮೈಕಿನ ಎದುರು ಕೂತಳು. ಈರಭದ್ರಪ್ಪ ಒಂದು ಪ್ಯಾರಾ ಓದಿ, ಹೇಳು ಎಂದು ಕೈಸನ್ನೆ ಮಾಡಿದ. ಅವಳು ಮೈಕು ನೋಡಿದಳು, ಅವನನ್ನು ನೋಡಿದಳು, ಸೆರಗಿನ ಅಂಚು ಮಡಚಿದಳು. ಇನ್ನೊಂದು ಪ್ಯಾರಾ. ಊಹೂಂ. ಹತ್ತು ನಿಮಿಷ ಆದ ಮೇಲೆ ಅವಳು ಮೆಲ್ಲಗೆ ಹೇಳಿದಳು.

"ಮೈಕ್ ಅಲ್ಲ ಕಣ್ರೀ. ನೀವು ಹಿಂಗ್ ಕೇಳಿಸ್ಕೊಳ್ತಾ ಕೂತ್ರೆ ನಂಗೆ ಮಾತೇ ಬರಲ್ಲ. ಅಭ್ಯಾಸ ಇಲ್ವಲ್ಲ."

ಕುಹಕವಿರಲಿಲ್ಲ ಅವಳ ಮಾತಿನಲ್ಲಿ. ಇದ್ದಿದ್ದರೆ ಅವನಿಗೆ ಅಷ್ಟು ತಾಗುತ್ತಿರಲಿಲ್ಲ. ಅವಳು ಎದ್ದು ಒಳಗೆ ಹೋದಳು.

ಮಾರನೆಯ ದಿನ ಅವನು ಕಿಂಡಿಯ ಕಂಬಳಿ ಕಿತ್ತ. ಮೈಕನ್ನು ಮತ್ತೆ ಪೂರ್ವಕ್ಕೆ ತಿರುಗಿಸಿ, ತನ್ನ ಕುರ್ಚಿಯನ್ನು ಅದರ ಎದುರಿಗೆ, ಕಿಂಡಿಯ ಕೆಳಗೆ ಹಾಕಿಕೊಂಡ. ಹೀಗೆ ಇಬ್ಬರ ದನಿಯೂ ಮೈಕಿಗೆ ಸಿಗುತ್ತಿತ್ತು. ದೇವರಿಗೆ ಬೆನ್ನು ಹಾಕಿ ಕೂತವನು ಅವನೊಬ್ಬನೇ. ಎರಡು ದಿನ ಓದಿದ. ಅಡುಗೆಮನೆಯಿಂದ ಪಾತ್ರೆ ಸದ್ದು ಬಿಟ್ಟು ಮತ್ತೇನೂ ಬರಲಿಲ್ಲ. ತಾನು ಆಡಿದ್ದು ದಾಖಲಾಗುತ್ತದೆ ಎಂದು ಗೊತ್ತಾದ ಹೆಂಗಸು ಅಂಜಿನಮ್ಮನನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಮಾತಾಡಿಸುತ್ತಿದ್ದಳು. ಪರೀಕ್ಷೆಗೆ ನಾಲ್ಕು ವಾರ ಉಳಿದಿತ್ತು.

ಮೂರನೆಯ ದಿನ ಬಂದದ್ದು ವಿಜ್ಞಾನದ ಪಾಠ. "ಒತ್ತಡ ಹೆಚ್ಚಿದಂತೆ ದ್ರವದ ಕುದಿಯುವ ಬಿಂದು ಹೆಚ್ಚುತ್ತದೆ. ಒತ್ತಡ ಕಡಿಮೆಯಾದಂತೆ ಕುದಿಯುವ ಬಿಂದು ಇಳಿಯುತ್ತದೆ." ಈರಭದ್ರಪ್ಪ ಓದಿದ. ಇನ್ನೊಮ್ಮೆ ಓದಿದ. ಇಷ್ಟು ಪಾಠ ಓದಿದ್ದರೂ ಯಾವುದೂ ತನಗೆ ಅರ್ಥವಾಗಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಬಸ್ಸು ಕೂಗುವವನು ಆ ಊರಿಗೆಲ್ಲ ಹೋಗಿರಬೇಕಾಗಿಲ್ಲವಲ್ಲ. ಪುಸ್ತಕ ಮಡಚಿ, ಕಿಂಡಿಯ ಕಡೆ ತಿರುಗಿದ.

"ಲೇ ಮಲ್ಲಿ. ಇದು ನಂಗೆ ಅರ್ಥ ಆಗ್ಲಿಲ್ಲ ಕಣೇ."

ಒಲೆ ಆರಿಸಿದ ಸದ್ದಾಯಿತು. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಕಂಬಳಿ ಸರಿಸಿ ಬಾಗಿಲಲ್ಲಿ ನಿಂತಳು. "ಏನಂದ್ರಿ?"

"ಅರ್ಥ ಆಗ್ಲಿಲ್ಲ ಅಂದೆ."

"ಇನ್ನೊಂದ್ಸಲ ಹೇಳಿ."

"ಕಿವಿ ಕೇಳ್ಸಲ್ವಾ? ಅರ್ಥ ಆಗ್ಲಿಲ್ಲ!"

"ಕೇಳಿಸ್ತು. ಮದ್ವೆ ಆಗಿ ಮೂವತ್ಮೂರು ವರ್ಷಕ್ಕೆ ಒಂದ್ಸಲ ಹೇಳಿದೀರ, ಎರಡ್ಸಲ ಕೇಳೋಣ ಅಂತ." ಅವಳು ನೆಲದ ಮೇಲೆ, ಗೋಣಿಚೀಲಕ್ಕೆ ಒರಗಿ ಕೂತಳು. "ಓದಿ, ಏನದು?"

ಅವನು ಓದಿದ. ಅವಳು ಒಂದು ಗಳಿಗೆ ಯೋಚಿಸಿದಳು. "ಅಯ್ಯೋ, ಇದು ಕುಕ್ಕರ್ ವಿಷ್ಯ ಕಣ್ರೀ. ಆವಿ ಹೊರಗೆ ಬಿಡದೆ ಅದುಮಿಟ್ರೆ ಒತ್ತಡ ಜಾಸ್ತಿ, ನೀರು ಜಾಸ್ತಿ ಕಾಯತ್ತೆ, ಬೇಳೆ ಬೇಗ ಬೇಯತ್ತೆ. ಒತ್ತಡ ಕಮ್ಮಿ ಆದ್ರೆ? ಅದೇನೋ ಬರ್ದಿದಾರಾ?"

"ಎತ್ತರದ ಬೆಟ್ಟ ಪ್ರದೇಶಗಳಲ್ಲಿ ವಾಯುವಿನ ಒತ್ತಡ ಕಡಿಮೆ ಇರುವುದರಿಂದ ನೀರು ಬೇಗ ಕುದಿಯುತ್ತದೆ. ಆದರೆ ಆ ಶಾಖದಲ್ಲಿ ಆಹಾರ ಬೇಯಲು ಹೆಚ್ಚು ಸಮಯ ಹಿಡಿಯುತ್ತದೆ."

ಮಲ್ಲಿಕಾಂಬ ಒರಗಿದ್ದವಳು ನೆಟ್ಟಗೆ ಕೂತಳು. "ಇನ್ನೊಂದ್ಸಲ ಓದಿ" ಎಂದಳು. ಈ ಸಲ ಅವಳ ದನಿಯಲ್ಲಿ ತಮಾಷೆಯಿರಲಿಲ್ಲ. ಅವನು ಓದಿದ.

"ನಮ್ಮಕ್ಕನ್ನ ಬೆಟ್ಟದ ಮೇಲಿನ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರಿಗೆ ಕೊಟ್ಟಿದ್ರಲ್ಲ. ಎರಡು ಗಂಟೆ ಬೇಯಿಸಿದ್ರೂ ಬೇಳೆ ಬೇಯ್ತಿರ್ಲಿಲ್ಲ ಅವಳಿಗೆ. ಕೈಗುಣ ಇಲ್ದೋಳು ಅಂತ ಅವಳತ್ತೆ ಹದಿನೈದು ವರ್ಷ ಅಂದ್ರು. ಅಮ್ಮಾನೂ ನಂಬಿದ್ಲು. ನಾನೂ..." ಅವಳು ನಿಲ್ಲಿಸಿದಳು. "ಹಂಗಾದ್ರೆ ಅಕ್ಕಂದು ತಪ್ಪೇ ಇರ್ಲಿಲ್ವಾ?"

ಆ ಮನೆಗೆ ಈರಭದ್ರಪ್ಪನೂ ಹೊಸ ಅಳಿಯನಾಗಿ ಊಟಕ್ಕೆ ಹೋಗಿದ್ದ. ಬೇಳೆ ಕಲ್ಲಿನಂತಿದೆ ಎಂದು ಎಲ್ಲರೆದುರು ಹೇಳಿ ನಗಿಸಿದ್ದ. ಅತ್ತಿಗೆ ಒಳಗೆ ಹೋಗಿದ್ದರು. ಅವರು ಈಗಿಲ್ಲ. ಮಲ್ಲಿಕಾಂಬ ಅಕ್ಕನ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದಳು: ಮದುವೆಯ ದಿನದಿಂದ, ಬೆಟ್ಟದ ಚಳಿ, ಹಸಿ ಸೌದೆ, ರಾತ್ರಿಯೇ ನೆನೆಹಾಕುತ್ತಿದ್ದ ಬೇಳೆ, ತವರಿಗೆ ಬಂದಾಗ ಅಮ್ಮನ ಒಲೆಯ ಮೇಲೆ ಅದೇ ಬೇಳೆ ಬೆಂದದ್ದು ನೋಡಿ ಅವಳು ಅತ್ತದ್ದು. ಹೇಳುತ್ತ ಹೇಳುತ್ತ ಅವಳು ಮೈಕನ್ನು ಮರೆತಳು. ಈರಭದ್ರಪ್ಪ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲುಗಾಡದೆ ಕೂತಿದ್ದ.

ಕಳಿಸುವ ಮುಂಚೆ ಅವಳ ಅನುಮತಿ ಕೇಳಿದ. ಅಕ್ಕನ ಹೆಸರು ಯಾರಿಗಾದರೂ ಉಪಯೋಗಕ್ಕೆ ಬರಲಿ, ಕಳಿಸಿ ಎಂದಳು.

ಮರುದಿನ ಬೆಳಿಗ್ಗೆಯೇ ಅನುಪಮಾ ಫೋನು ಮಾಡಿದಳು. ಕುದಿಯುವ ಬಿಂದು ಇನ್ನು ಜನ್ಮದಲ್ಲಿ ಮರೆಯುವುದಿಲ್ಲ ಎಂದಳು, ಉಳಿದ ಪಾಠಗಳನ್ನೂ ಹೀಗೇ ಮಾಡಿ ಎಂದಳು. ಆಮೇಲೆ ಸ್ವಲ್ಪ ಅನುಮಾನಿಸಿ ಕೇಳಿದಳು.

"ದೊಡ್ಡಪ್ಪ, ಇದರಲ್ಲಿ ಅರ್ಧ ಗಂಟೆ ನಿಮ್ಮ ದನೀನೇ ಇಲ್ಲ. ನೀವು ಎದ್ದು ಹೋಗಿದ್ರಾ?"

"ಇಲ್ಲ ಕಣವ್ವ" ಎಂದ ಈರಭದ್ರಪ್ಪ. "ಅಲ್ಲೇ ಕೂತಿದ್ದೆ."